ರೋಮಿನಲ್ಲಿ ತಪಸ್ಸುಕಾಲ: ದಿನಕ್ಕೊಂದು ಚರ್ಚು

ರೋಮ್ ನಗರದಲ್ಲಿ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸಕಾಲದ, ಒಂದೊಂದು ದಿನಕ್ಕೂ ಒಂದೊಂದು ಚರ್ಚು ಗೊತ್ತುಮಾಡಿದ್ದಾರೆ. ಮೊದಲ ದಿನವಾದ ಬೂದಿ ಬುಧವಾರ ಅವೆಂಟೀನ್ ಗುಡ್ಡದ ಸಾಂತಾ ಸಬೀನಾ. ಮರುದಿನ ಸಾನ್ ಜಾರ್ಜೋ. ಹೀಗೆ ಒಂದು ದಿನವೂ ತಪ್ಪದೆ ಪಟ್ಟಿ ಈಸ್ಟರ್‌ವರೆಗೆ ಸಾಗುತ್ತದೆ. ಆ ದಿನದ ಚರ್ಚನ್ನು ಅಲ್ಲಿಯವರು ‘ಸ್ತಾತ್ಸಿಯೋನೆ’ ಅನ್ನುತ್ತಾರೆ. ಹಿಂದೆ ಜನ ಮೊದಲು ಬೇರೊಂದು ಚರ್ಚಿನಲ್ಲಿ ಸೇರುತ್ತಿದ್ದರು. ಅಲ್ಲಿಂದ ಸಂತರ ಹೆಸರು ಹಿಡಿದು ಪ್ರಾರ್ಥಿಸುತ್ತಾ, ಪೋಪ್ ಜೊತೆ ಮೆರವಣಿಗೆಯಲ್ಲಿ ಆ ದಿನದ ಚರ್ಚಿಗೆ ಬಂದು ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದರು. ದಿನವಿಡೀ ಉಪವಾಸ, ಊಟ ಏನಿದ್ದರೂ ಪೂಜೆ ಮುಗಿದ ಮೇಲೆ. ಈ ಪದ್ಧತಿಗೆ ಒಂದು ಕ್ರಮ ಕೊಟ್ಟವರು 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿ.

ಇವತ್ತಿಗೂ ಅದು ನಿಂತಿಲ್ಲ. ಗುರುಗಳಾಗಲು ರೋಮಿನಲ್ಲಿ ಓದುವ ಅಮೆರಿಕದ ಸೆಮಿನರಿ ವಿದ್ಯಾರ್ಥಿಗಳು ಭಾನುವಾರ ಬಿಟ್ಟು ಉಳಿದ ದಿನ ಬೆಳಗ್ಗೆ 7 ಗಂಟೆಗೆ ಆಯಾ ದಿನದ ಚರ್ಚಿನಲ್ಲಿ ಇಂಗ್ಲಿಷ್ ಪೂಜೆ ನಡೆಸುತ್ತಾರೆ. ಸಂಜೆ ಇಟಾಲಿಯನ್ ಪೂಜೆ ಇರುತ್ತದೆ. ಬರುವವರಿಗೆ ಟಿಕೆಟ್ ಇಲ್ಲ, ಹೆಸರು ಬರೆಸಬೇಕಾಗಿಲ್ಲ. ಸುಮ್ನೆ ಹೋಗಿ ಕೂತರೆ ಸಾಕು.

ಪೂರ್ತಿ ನಲವತ್ತು ದಿನ ಇರುವಷ್ಟು ರಜೆ ನನಗೂ ನನ್ನ ಹೆಂಡತಿಗೂ ಸಿಗುವಂತಿರಲಿಲ್ಲ. ಅದಕ್ಕೇ ನಾಲ್ಕನೇ ಭಾನುವಾರದ ಹೊತ್ತಿಗೆ ಹೋಗಿ ಈಸ್ಟರ್‌ವರೆಗೆ ಇರುವುದು ಅಂತ ನಿರ್ಧಾರ ಮಾಡಿದೆವು. ರೋಮಿನ ಪ್ರಧಾನ ದೇವಾಲಯವಾದ ಲ್ಯಾಟರನ್ ಹತ್ತಿರ ಸಿಸ್ಟರ್‌ಗಳು ನಡೆಸುವ ಅತಿಥಿಗೃಹದಲ್ಲಿ ಕೋಣೆ ಸಿಕ್ಕಿತು. ಅಲ್ಲಿ ಕನ್ನಡ ಬಲ್ಲ ಒಬ್ಬ ಸಿಸ್ಟರ್ ಇದ್ದದ್ದು ನಮ್ಮ ಪುಣ್ಯ.

ನಾಲ್ಕನೇ ಭಾನುವಾರದ ಚರ್ಚು ಸಾಂತಾ ಕ್ರೋಚೆ, ಅಂದರೆ ಪವಿತ್ರ ಶಿಲುಬೆಯ ಮಹಾದೇವಾಲಯ. ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ಹೆಲೆನಾ ವಾಸವಿದ್ದ ಅರಮನೆಯ ಜಾಗವಿದು. ಆಕೆ ಜೆರುಸಲೇಮಿನಿಂದ ಶಿಲುಬೆಯ ಮರದ ತುಂಡುಗಳನ್ನು ತಂದಳು, ಅಲ್ಲಿನ ಮಣ್ಣನ್ನೂ ತಂದು ಇಲ್ಲಿ ಹಾಸಿದಳು ಅನ್ನುವುದು ಪರಂಪರೆಯ ನಂಬಿಕೆ. ಅದಕ್ಕೇ ಚರ್ಚಿನ ಹೆಸರಿನಲ್ಲೇ ‘ಜೆರುಸಲೇಮಿನಲ್ಲಿ’ ಅಂತ ಇದೆ. ಜೆರುಸಲೇಮಿಗೆ ಹೋಗಲಾರದ ರೋಮಿನ ಬಡವನೂ ಇಲ್ಲಿಗೆ ನಡೆದು ಬಂದರೆ ಜೆರುಸಲೇಮಿನ ನೆಲದ ಮೇಲೆ ನಿಂತ ಹಾಗೆ. ಆ ದಿನ ಗುರುಗಳು ತಪಸ್ಸುಕಾಲದ ನೇರಳೆ ಬಿಟ್ಟು ಗುಲಾಬಿ ಬಣ್ಣದ ವಸ್ತ್ರ ಧರಿಸಿದ್ದರು. ಬಲಿಪೀಠದ ಮೇಲೆ ಹೂವಿತ್ತು, ಆರ್ಗನ್ ತುಂಬುದನಿಯಲ್ಲಿ ನುಡಿಯಿತು. ತಪಸ್ಸುಕಾಲದಲ್ಲಿ ಇವೆರಡೂ ಬೇರೆ ದಿನ ಸಾಮಾನ್ಯವಾಗಿ ಇರುವುದಿಲ್ಲ. ಅರ್ಧ ದಾರಿ ದಾಟಿದವರಿಗೆ ಒಂದಿಷ್ಟು ಉಸಿರು ತೆಗೆದುಕೊಳ್ಳಲು ಬಿಟ್ಟ ಭಾನುವಾರ ಅದು.

ಹಿಂತಿರುಗುವಾಗ ಸಿಸ್ಟರ್ ಹೇಳಿದ ಒಂದು ಮಾತು ನಮ್ಮ ಮುಂದಿನ ದಿನಗಳನ್ನೆಲ್ಲ ಬದಲಿಸಿತು.

“ತಪಸ್ಸುಕಾಲ ಮೊದಲು ಶುರುವಾದದ್ದು ನಮ್ಮಂಥವರಿಗಲ್ಲ. ಈಸ್ಟರ್ ರಾತ್ರಿ ಜ್ಞಾನಸ್ನಾನ ಪಡೆದು ಕ್ರೈಸ್ತರಾಗಬೇಕಿದ್ದವರಿಗೆ. ಅವರು ಉಪವಾಸ ಮಾಡ್ತಿದ್ದರು, ಅವರ ಜೊತೆಗಿರೋಣ ಅಂತ ಉಳಿದವರೂ ಮಾಡಿದರು. ಈ ವಾರ ಯಾವ ಚರ್ಚಿನಲ್ಲಿ ಯಾವ ಶುಭಸಂದೇಶ ಓದ್ತಿದ್ದರು ಅಂತ ನೋಡ್ತಾ ಹೋಗಿ, ನಿಮಗೇ ಗೊತ್ತಾಗುತ್ತೆ.”

ನೋಡುತ್ತಾ ಹೋದೆವು. ಬುಧವಾರದ ಸರದಿ ಊರಿನ ಗೋಡೆಯ ಆಚೆಗಿರುವ ಸಂತ ಪೌಲರ ಮಹಾದೇವಾಲಯದ್ದು. ಹಳೆಯ ಪೂಜಾಗ್ರಂಥದಲ್ಲಿ ಆ ದಿನ ಹುಟ್ಟುಕುರುಡನಿಗೆ ಯೇಸು ದೃಷ್ಟಿ ಕೊಟ್ಟ ಪ್ರಸಂಗ ಬರುತ್ತದೆ. ದಮಸ್ಕಸ್ ದಾರಿಯಲ್ಲಿ ಕಣ್ಣು ಕಳೆದುಕೊಂಡು, ಜ್ಞಾನಸ್ನಾನದ ಹೊತ್ತಿಗೆ ಕಣ್ಣು ಪಡೆದ ಪೌಲರ ಸಮಾಧಿಯ ಮುಂದೆ ಆ ಪ್ರಸಂಗ ಕೇಳುವುದು! ಎರಡೇ ದಿನ ಬಿಟ್ಟು ಶುಕ್ರವಾರ ಸಾಂತ್ ಎವುಸೇಬಿಯೊ. ಅದಿರುವುದು ಎಸ್ಕ್ವಿಲೀನ್ ಗುಡ್ಡದ ಮೇಲೆ. ಆ ಗುಡ್ಡದಲ್ಲಿ ಪ್ರಾಚೀನ ರೋಮಿನ ದೊಡ್ಡ ಸ್ಮಶಾನವಿತ್ತು. ಅಲ್ಲಿ ಓದುತ್ತಿದ್ದದ್ದು ಲಾಜರನನ್ನು ಸಮಾಧಿಯಿಂದ ಎಬ್ಬಿಸಿದ ಪ್ರಸಂಗ. ಯಾವ ಮಾತು ಯಾವ ನೆಲದ ಮೇಲೆ ನಾಟುತ್ತದೆ ಅಂತ ತಿಳಿದವರು ಮಾಡಿದ ಪಟ್ಟಿ ಇದು. ಮೊದಲು ಕಣ್ಣು, ಆಮೇಲೆ ಜೀವ. ಜ್ಞಾನಸ್ನಾನಕ್ಕೆ ಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ಈಗಿನ ಪೂಜಾಕ್ರಮದಲ್ಲಿ ಈ ಪ್ರಸಂಗಗಳು ನಾಲ್ಕನೇ ಮತ್ತು ಐದನೇ ಭಾನುವಾರಕ್ಕೆ ಬಂದಿವೆ. ದೀಕ್ಷಾರ್ಥಿಗಳಿಗಾಗಿ, ಅಂದರೆ ಜ್ಞಾನಸ್ನಾನಕ್ಕೆ ಸಿದ್ಧರಾಗುತ್ತಿರುವವರಿಗಾಗಿ, ವಿಶೇಷ ಪ್ರಾರ್ಥನೆ ನಡೆಯುವುದೂ ಮೂರನೇ ಭಾನುವಾರ ಮತ್ತು ಈ ಎರಡು ಭಾನುವಾರಗಳಲ್ಲಿ.

ಬೆಳಗಿನ ಪೂಜೆಗೆ ಹೋಗುವ ದಾರಿ ನನಗೆ ಪೂಜೆಯಷ್ಟೇ ಇಷ್ಟವಾಯಿತು. ಇನ್ನೂ ಅಂಗಡಿ ತೆರೆದಿರುವುದಿಲ್ಲ. ಕಲ್ಲು ಹಾಸಿದ ಬೀದಿ ಒದ್ದೆ ಒದ್ದೆ. ಬೇರೆ ಬೇರೆ ಗಲ್ಲಿಗಳಿಂದ ಇಬ್ಬರು ಮೂವರು ಬರುತ್ತಾ ಬರುತ್ತಾ, ಚರ್ಚಿನ ಬಾಗಿಲಿಗೆ ಬರುವಷ್ಟರಲ್ಲಿ ದೊಡ್ಡ ಗುಂಪಾಗಿರುತ್ತದೆ. ಕೆಲವು ಚರ್ಚುಗಳಲ್ಲಿ ತಮ್ಮ ಸರದಿಯ ದಿನ ನೆಲದ ಮೇಲೆ ಹಸಿರೆಲೆ ಚೆಲ್ಲಿರುತ್ತಾರೆ. ಕಾಲ ಕೆಳಗೆ ಎಲೆ ನಲುಗಿ ಘಮ ಏಳುತ್ತದೆ. ಬಲಿಪೀಠದ ಮೇಲೆ ಅಲ್ಲಿನ ರಕ್ತಸಾಕ್ಷಿಗಳ ಅವಶೇಷಗಳನ್ನು ಇಟ್ಟು ದೀಪ ಹಚ್ಚುತ್ತಾರೆ. ಹೆಚ್ಚಿನ ಚರ್ಚುಗಳ ಹಿಂದೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಒಬ್ಬರ ಹೆಸರಿದೆ. ನಾನು ಮಾಂಸ ಬಿಟ್ಟೆ, ಸಿಹಿ ಬಿಟ್ಟೆ ಅಂತ ಲೆಕ್ಕ ಹಾಕುವ ಮನಸ್ಸು ಅಂಥವರ ಮನೆಬಾಗಿಲಲ್ಲಿ ತಾನಾಗಿಯೇ ಸುಮ್ಮನಾಗುತ್ತದೆ.

ಉಪವಾಸ ಬೇಡ ಅಂತ ಹೇಳುತ್ತಿಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಶುಕ್ರವಾರಗಳಲ್ಲಿ ಮಾಂಸ ವರ್ಜ್ಯ. ಕ್ಯಾಥೊಲಿಕ್ ಧರ್ಮಸಭೆಯ ನಿಯಮ ಇಷ್ಟು ಸಣ್ಣದು. 18 ತುಂಬಿ ಇನ್ನೂ 59 ತುಂಬದವರಿಗೆ ಉಪವಾಸ, 14 ತುಂಬಿದವರಿಗೆಲ್ಲ ಮಾಂಸವರ್ಜನೆ. ಉಳಿದದ್ದು ನಮ್ಮ ನಮ್ಮ ಮನಸ್ಸಿಗೆ ಬಿಟ್ಟದ್ದು. ಪ್ರಾರ್ಥನೆ ಮತ್ತು ದಾನ ಜೊತೆಗಿಲ್ಲದಿದ್ದರೆ ಬರೀ ಹಸಿವೆಯೇ ಉಳಿಯುತ್ತದೆ, ಅಲ್ವಾ?

ಐದನೇ ವಾರದ ಬುಧವಾರ ಸಾನ್ ಮರ್ಚೆಲ್ಲೊ ಚರ್ಚಿಗೆ ಹೋದೆವು. ಅಂಗಡಿ ಸಾಲಿನ ಕೋರ್ಸೊ ರಸ್ತೆಯಲ್ಲೇ ಇದೆ. 1519ರಲ್ಲಿ ಆ ಚರ್ಚಿಗೆ ಬೆಂಕಿ ಬಿದ್ದಾಗ ಎಲ್ಲ ಸುಟ್ಟುಹೋಗಿ ಮರದ ಶಿಲುಬೆಮೂರ್ತಿಯೊಂದು ಮಾತ್ರ ಉಳಿಯಿತಂತೆ. 1522ರಲ್ಲಿ ಊರಿಗೆ ಪ್ಲೇಗ್ ಬಂದಾಗ ಜನ ಅದನ್ನು ಹೊತ್ತು ಬೀದಿ ಬೀದಿ ಸುತ್ತಿದರು. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ರೋಮ್ ಬಾಗಿಲು ಹಾಕಿಕೊಂಡಿದ್ದಾಗ, ಪೋಪ್ ಫ್ರಾನ್ಸಿಸ್ ಖಾಲಿ ರಸ್ತೆಯಲ್ಲಿ ನಡೆದು ಬಂದು ಪ್ರಾರ್ಥಿಸಿದ್ದು ಇದರ ಮುಂದೆಯೇ. ಅದೇ ತಿಂಗಳ 27ರಂದು ಮಳೆಯಲ್ಲಿ ಸಂತ ಪೇತ್ರರ ಚೌಕದಲ್ಲಿ ನಿಲ್ಲಿಸಿದ್ದೂ ಇದನ್ನೇ. ಆ ಸಂಜೆ ಟಿವಿಯಲ್ಲಿ ನೋಡುತ್ತಾ ಹೆಂಡತಿ ಅತ್ತಿದ್ದು ನನಗೆ ನೆನಪಿತ್ತು. ಈಗ ಅವಳು ಆ ಮೂರ್ತಿಯ ಎದುರು ಮಂಡಿಯೂರಿ ಬಹಳ ಹೊತ್ತು ಏಳಲಿಲ್ಲ. ನಾನೂ ಅವಸರ ಮಾಡಲಿಲ್ಲ. ಆ ವರ್ಷ ನಾವು ಕಳೆದುಕೊಂಡವರು ಇದ್ದಾರೆ.

ಲ್ಯಾಟರನ್ ಎದುರಿಗಿರುವ ಸ್ಕಾಲಾ ಸಾಂತಾ ನಮ್ಮ ಪಟ್ಟಿಯ ಚರ್ಚಲ್ಲ. ಆದರೆ ತಪಸ್ಸುಕಾಲದಲ್ಲಿ ರೋಮಿಗೆ ಬಂದು ಅದನ್ನು ಬಿಡಲಾಗದು. 28 ಅಮೃತಶಿಲೆ ಮೆಟ್ಟಿಲು. ಪಿಲಾತನ ಅರಮನೆಯಲ್ಲಿ ಯೇಸು ಹತ್ತಿ ಇಳಿದ ಮೆಟ್ಟಿಲುಗಳಿವು, ಹೆಲೆನಾ ತರಿಸಿದ್ದು ಅನ್ನುತ್ತದೆ ಪರಂಪರೆ. ಮೇಲೆ ಮಂಡಿಯಲ್ಲೇ ಹತ್ತಬೇಕು. ನಡೆದು ಹೋಗುವವರಿಗೆ ಪಕ್ಕದಲ್ಲಿ ಬೇರೆ ಮೆಟ್ಟಿಲಿದೆ. ಕಲ್ಲು ಸವೆಯದಿರಲಿ ಅಂತ 1723ರಲ್ಲಿ ಅಕ್ರೋಟ್ ಮರದ ಹಲಗೆ ಹೊದಿಸಿದರು. 2019ರಲ್ಲಿ ದುರಸ್ತಿಗೆ ಹಲಗೆ ತೆಗೆದಾಗ ಕಲ್ಲಿನಲ್ಲಿ ಆಳವಾದ ಗುಳಿಗಳು ಕಂಡವು. ಯಾತ್ರಿಕರು ಸಂದಿಯಲ್ಲಿ ತೂರಿಸಿದ್ದ ಪ್ರಾರ್ಥನೆಯ ಚೀಟಿಗಳು, ನಾಣ್ಯಗಳೂ ಸಿಕ್ಕವು.

ನಾವು ಹತ್ತಿದ್ದು ಹಲಗೆಯ ಮೇಲೆ. ಮೊದಲ ಐದಾರು ಮೆಟ್ಟಿಲು ಸಲೀಸು. ಆಮೇಲೆ ಮಂಡಿಚಿಪ್ಪು ಮರದ ಅಂಚಿಗೆ ತಾಗಿ ನೋವು ಜಾಸ್ತಿ ಆಗುತ್ತಾ ಹೋಗುತ್ತದೆ. ಯಾರೂ ಯಾರನ್ನೂ ದಾಟುವುದಿಲ್ಲ. ಮುಂದಿನವರು ಒಂದು ಮೆಟ್ಟಿಲಲ್ಲಿ ಪ್ರಾರ್ಥನೆ ಮುಗಿಸುವ ತನಕ ಹಿಂದಿನವರೆಲ್ಲ ಕಾಯಲೇಬೇಕು. ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಪ್ರತಿ ಮೆಟ್ಟಿಲಿಗೂ ಅಂಗೈಯನ್ನು ಮರದ ಮೇಲೆ ಚಪ್ಪಟೆಯಾಗಿ ಇಟ್ಟು, ಮೈಭಾರ ಅದರ ಮೇಲೆ ಹಾಕಿ, ಒಂದು ಮಂಡಿ, ಆಮೇಲೆ ಇನ್ನೊಂದು. ಅವರ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದಿತ್ತು. ನನ್ನ ವೇಗವನ್ನು ಆಕೆಯ ವೇಗಕ್ಕೆ ಒಪ್ಪಿಸಿಬಿಟ್ಟ ಮೇಲೆ ಪ್ರಾರ್ಥನೆ ಸುಲಭವಾಗಿ ಬಂತು.

ರಸ್ತೆ ದಾಟಿದರೆ ಲ್ಯಾಟರನ್ ಮಹಾದೇವಾಲಯ. ಪಾಪನಿವೇದನೆಯ ಪೆಟ್ಟಿಗೆಗಳ ಮೇಲೆ ಆ ಗುರುಗಳಿಗೆ ಯಾವ ಯಾವ ಭಾಷೆ ಬರುತ್ತದೆ ಅಂತ ಫಲಕ ಹಾಕಿರುತ್ತಾರೆ. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ, ಈಸ್ಟರ್ ಹೊತ್ತಿಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಎಂಬ ನಿಯಮ ಮಾಡಿದ್ದು 1215ರಲ್ಲಿ ಇದೇ ಲ್ಯಾಟರನ್‌ನಲ್ಲಿ ಸೇರಿದ ಮಹಾಸಭೆ. ನಾವಿಬ್ಬರೂ ಅಲ್ಲೇ ಪಾಪನಿವೇದನೆ ಮಾಡಿಕೊಂಡೆವು. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಆದರೆ ಈಸ್ಟರ್‌ಗೆ ಸಿದ್ಧವಾಗುವುದು ಅಂದರೆ ಕೊನೆಗೆ ಇದೇ ಅಂತ ನನ್ನ ನಂಬಿಕೆ.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಸಂತ ಪೇತ್ರರ ಚೌಕದಲ್ಲಿ ಜನವೋ ಜನ. ಇಲ್ಲಿ ಹೆಚ್ಚಿನವರ ಕೈಯಲ್ಲಿ ಆಲಿವ್ ಕೊಂಬೆ. ಇವೇ ಒಣಗಿ ಮುಂದಿನ ವರ್ಷ ಬೂದಿ ಬುಧವಾರದ ಬೂದಿಯಾಗುತ್ತವೆ. ಆ ಬೂದಿಯನ್ನು ಇಟಲಿಯಲ್ಲಿ ಹಣೆಗೆ ಹಚ್ಚುವುದಿಲ್ಲ, ನೆತ್ತಿಯ ಮೇಲೆ ಉದುರಿಸುತ್ತಾರೆ.

ಪವಿತ್ರ ಗುರುವಾರ ಸಂಜೆ ಪಾದ ತೊಳೆಯುವ ವಿಧಿ ಮುಗಿದ ಮೇಲೆ ಪರಮಪ್ರಸಾದವನ್ನು ಬೇರೊಂದು ಪೀಠಕ್ಕೆ ಒಯ್ದರು. ಬಲಿಪೀಠದ ಬಟ್ಟೆಯನ್ನೂ ತೆಗೆದು ಬರಿದು ಮಾಡಿದರು. ಆ ಸಂಜೆಯ ಪೂಜೆಯ ಮಹಿಮಾಗೀತೆ ಮುಗಿದ ಮೇಲೆ ಈಸ್ಟರ್ ರಾತ್ರಿಯ ತನಕ ಗಂಟೆ ಬಾರಿಸುವುದಿಲ್ಲ. ಆ ರಾತ್ರಿ ಏಳು ಚರ್ಚುಗಳಿಗೆ ನಡೆದು ಹೋಗಿ ಒಂದೊಂದರಲ್ಲೂ ಒಂದಿಷ್ಟು ಹೊತ್ತು ಪ್ರಾರ್ಥಿಸುವುದು ರೋಮಿನವರ ರೂಢಿ. ‘ಒಂದು ಗಂಟೆ ನನ್ನೊಡನೆ ಎಚ್ಚರವಿರಲಾರಿರಾ’ ಅಂತ ಯೇಸು ಶಿಷ್ಯರನ್ನು ಕೇಳಿದರಲ್ಲ, ಅದಕ್ಕೆ ಕೊಡುವ ಉತ್ತರ ಇದು. ಒಂದು ಚರ್ಚಿನಲ್ಲಿ ಪೀಠದ ಸುತ್ತ ಗೋಧಿ ಮೊಳಕೆಯ ಕುಂಡ ಇಟ್ಟಿದ್ದರು. ಕತ್ತಲ ಕೋಣೆಯಲ್ಲಿ ಬೆಳೆಸಿದ್ದರಿಂದ ಎಳೆಗಳು ಹಸಿರಾಗದೆ ಬೆಳ್ಳಗೆ, ಕೂದಲಿನ ಹಾಗೆ ತೆಳ್ಳಗೆ ನಿಂತಿದ್ದವು. ಮಣ್ಣಿಗೆ ಬಿದ್ದು ಸತ್ತ ಕಾಳು ಫಲ ಕೊಡುವ ಮಾತು ಶುಭಸಂದೇಶದಲ್ಲಿ ಇದೆಯಲ್ಲ, ಇಲ್ಲಿ ಅದು ಕಣ್ಣಿಗೇ ಕಾಣುತ್ತಿತ್ತು.

ಶುಭ ಶುಕ್ರವಾರದ ಸರದಿ ಮತ್ತೆ ಸಾಂತಾ ಕ್ರೋಚೆಯದು. ಅಂದು ಎಲ್ಲಿಯೂ ಬಲಿಪೂಜೆ ಇಲ್ಲ. ಗುರುಗಳು ಸದ್ದಿಲ್ಲದೆ ಬಂದು ಬರಿದಾದ ಪೀಠದ ಮುಂದೆ ಬೋರಲಾಗಿ ಮಲಗಿದರು. ಯೊವಾನ್ನರ ಯಾತನೆಯ ವಾಚನದ ನಂತರ ಹತ್ತು ಪ್ರಾರ್ಥನೆಗಳು. ಧರ್ಮಸಭೆಗೆ, ಪೋಪ್‌ಗೆ, ಯೆಹೂದ್ಯರಿಗೆ, ದೇವರನ್ನು ನಂಬದವರಿಗೆ, ಕಷ್ಟದಲ್ಲಿರುವವರಿಗೆ. ನಾಲ್ಕನೆಯದು ಜ್ಞಾನಸ್ನಾನಕ್ಕೆ ಸಿದ್ಧರಾಗುತ್ತಿರುವವರಿಗೆ. ಹೆಂಡತಿ ನನ್ನ ಕೈ ಮುಟ್ಟಿ, “ಕೇಳಿದ್ರಾ?” ಅಂದಳು.

ರಾತ್ರಿ ಕೊಲೊಸಿಯಮ್‌ನಲ್ಲಿ ಶಿಲುಬೆಯ ಹಾದಿ, ಅಂದರೆ ಯೇಸುವಿನ ಯಾತನೆಯನ್ನು ನೆಲೆ ನೆಲೆಯಾಗಿ ಧ್ಯಾನಿಸುವ ಪ್ರಾರ್ಥನೆ. ಅಲ್ಲಿ ಹದಿನಾಲ್ಕು ನೆಲೆಗಳನ್ನು ಸ್ಥಾಪಿಸಿದ್ದು 18ನೇ ಶತಮಾನದ ನಡುವಿನಲ್ಲಿ, ಪೋಪ್ 14ನೇ ಬೆನೆಡಿಕ್ಟ್ ಕಾಲದಲ್ಲಿ. 1964ರಲ್ಲಿ ಪೋಪ್ 6ನೇ ಪೌಲ್ ಶುಭ ಶುಕ್ರವಾರದ ಆ ಆಚರಣೆಯನ್ನು ಮತ್ತೆ ಶುರುಮಾಡಿದರು. ಶಿಲುಬೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಜನರ ಕೈಯಲ್ಲಿ ಮೇಣದ ಬತ್ತಿ. ಜನರನ್ನು ಕೊಲ್ಲುವುದನ್ನು ನೋಡಿ ಕೇಕೆ ಹಾಕುತ್ತಿದ್ದ ಕಟ್ಟಡದ ಎದುರು, ಕೊಲ್ಲಲ್ಪಟ್ಟವರೊಬ್ಬರ ಹಿಂದೆ ಸಾವಿರಾರು ಜನ ಮಾತಿಲ್ಲದೆ ನಿಂತಿದ್ದರು.

ಈಸ್ಟರ್ ಜಾಗರಣೆಗೆ ನಾವು ಸಂತ ಪೇತ್ರರಲ್ಲಿಗೆ ಹೋಗದೆ ಲ್ಯಾಟರನ್‌ಗೇ ಹೋದೆವು. ಪಟ್ಟಿ ಹೇಳುವುದು ಅದನ್ನೇ. ಅಲ್ಲಿನ ಎಂಟು ಮೂಲೆಯ ಜ್ಞಾನಸ್ನಾನದ ಮನೆ ಕಾನ್‌ಸ್ಟಂಟೈನನ ಕಾಲದ್ದು. ಐದನೇ ಶತಮಾನದಲ್ಲಿ ಪೋಪ್ 3ನೇ ಸಿಕ್ಸ್ಟಸ್ ಅದನ್ನು ಮತ್ತೆ ಕಟ್ಟಿಸಿದರು. ಹಿಂದೆ ರೋಮಿನ ದೀಕ್ಷಾರ್ಥಿಗಳು ನೀರಿಗಿಳಿಯುತ್ತಿದ್ದದ್ದು ಅಲ್ಲೇ. ಹೊಸ ಬೆಂಕಿಯಿಂದ ಪಾಸ್ಖದ, ಅಂದರೆ ಈಸ್ಟರ್‌ನ, ದೊಡ್ಡ ಮೇಣದ ಬತ್ತಿ ಹಚ್ಚಿದರು. ಅದರ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ಅಂಕಿಗಳು. ಕತ್ತಲೆಯ ಚರ್ಚಿನೊಳಗೆ ಬತ್ತಿಯಿಂದ ಬತ್ತಿಗೆ ಬೆಳಕು ಹರಡಿತು. ಬಳಿಕ ಆ ಬತ್ತಿಯ ಎದುರು ಹಾಡುವ ಸ್ತುತಿಯಲ್ಲಿ ಜೇನುಹುಳುಗಳ ದುಡಿಮೆಯ ನೆನಪೂ ಬರುತ್ತದೆ. ನನಗೆ ಬಹಳ ಪ್ರೀತಿಯ ಸಾಲು ಅದು. ಹಳೆಯ ಒಡಂಬಡಿಕೆಯ ವಾಚನಗಳು ಮುಗಿದು ಮಹಿಮಾಗೀತೆ ಶುರುವಾದಾಗ ಎರಡು ದಿನ ಸುಮ್ಮನಿದ್ದ ಗಂಟೆಗಳೆಲ್ಲ ಒಟ್ಟಿಗೇ ಬಡಿದವು. ಬೂದಿ ಬುಧವಾರದಿಂದ ಬಾಯಿಗೆ ಬಾರದ ‘ಅಲ್ಲೆಲೂಯ’ ಎಂಬ ಸ್ತುತಿಘೋಷ ಮೂರು ಸಲ, ಒಂದಕ್ಕಿಂತ ಒಂದು ಮೇಲಿನ ಶ್ರುತಿಯಲ್ಲಿ ಬಂತು.

ಆಮೇಲೆ ಜ್ಞಾನಸ್ನಾನ. ದೊಡ್ಡವರೇ, ಬೇರೆ ಬೇರೆ ದೇಶದವರು. ತಲೆ ಬಗ್ಗಿಸಿದ ಒಬ್ಬ ಹುಡುಗನ ಕೂದಲಿನಿಂದ ನೀರು ಕತ್ತಿನೊಳಗೆ ಇಳಿಯುವಾಗ ಅವನು ನಕ್ಕುಬಿಟ್ಟ. ಇಷ್ಟು ದಿನ ಯಾರ ಜೊತೆ ನಡೆಯುತ್ತಿದ್ದೇವೆ ಅಂತ ಸಿಸ್ಟರ್ ಹೇಳಿದ್ದರೋ ಅವರ ಮುಖ ನೋಡಿದ ಹಾಗಾಯಿತು. ಹೆಂಡತಿ ಜೋರಾಗಿಯೇ ಅತ್ತಳು.

ಪಟ್ಟಿ ಈಸ್ಟರ್‌ಗೆ ಮುಗಿಯುವುದಿಲ್ಲ. ಈಸ್ಟರ್ ಭಾನುವಾರ ಸಾಂತಾ ಮರಿಯಾ ಮಜ್ಜೋರೆ, ಸೋಮವಾರ ಸಂತ ಪೇತ್ರ, ಮಂಗಳವಾರ ಸಂತ ಪೌಲ. ಹಿಂದೆ ಹೊಸದಾಗಿ ಜ್ಞಾನಸ್ನಾನ ಪಡೆದವರು ವಾರವಿಡೀ ಬಿಳಿ ಬಟ್ಟೆಯಲ್ಲೇ ಈ ಚರ್ಚುಗಳಿಗೆ ಹೋಗಿ, ಶನಿವಾರ ಲ್ಯಾಟರನ್‌ಗೆ ಮರಳಿ ಆ ಬಟ್ಟೆ ಕಳಚುತ್ತಿದ್ದರು. ನಾವು ಸೋಮವಾರದವರೆಗೆ ಅವರ ದಾರಿ ಹಿಡಿದೆವು. ಮಂಗಳವಾರ ನಮ್ಮ ವಿಮಾನ. ಹೋಗಬೇಕು ಅನ್ನುವವರಿಗೆ ಇಷ್ಟೇ ಹೇಳುತ್ತೇನೆ: ರಜೆ ಕಡಿಮೆ ಇದ್ದರೆ ಪವಿತ್ರ ವಾರ ಒಂದಕ್ಕೇ ಹೋಗಬೇಡಿ, ನಾಲ್ಕನೇ ಭಾನುವಾರಕ್ಕೇ ಹೋಗಿ ಬುಧವಾರ, ಶುಕ್ರವಾರದ ಆ ಎರಡು ಚರ್ಚು ನೋಡಿ ಬನ್ನಿ. ಗಟ್ಟಿ ಅಡಿಯ ಶೂ ಇರಲಿ, ರೋಮಿನ ಕಲ್ಲುಬೀದಿ ಕಾಲಿಗೆ ಬಹಳ ಕಷ್ಟ.