ಟ್ರಂಕಿನ ಅಪ್ಪ

ನಟ ಸಂಚಾರಿ ವಿಜಯ್ ಅವರ ಎರಡು ಸಿನಿಮಾಗಳನ್ನು ಅಮ್ಮನ ಜೊತೆ ಕೂತು ಒಂದರ ಹಿಂದೆ ಒಂದು ನೋಡಿದ್ದೆ. ಶನಿವಾರ ರಾತ್ರಿ ‘ಹರಿವು’, ಭಾನುವಾರ ‘ನಾನು ಅವನಲ್ಲ ಅವಳು’. ಎರಡನೆಯದು ಅರ್ಧ ಮುಗಿದಿತ್ತು. "ನಿನ್ನೆ ನೋಡಿದ ಅಪ್ಪನೇ ಅಲ್ವಾ ಇದು" ಅಂದೆ. "ಸುಮ್ನೆ ಏನೇನೋ ಹೇಳ್ಬೇಡ" ಅಂದಳು ಅಮ್ಮ.

ನಂಬೋದು ಕಷ್ಟವೇ. ‘ಹರಿವು’ವಿನಲ್ಲಿ ಅವರು ಉತ್ತರ ಕರ್ನಾಟಕದ ಬಡ ರೈತ. ಮಗನನ್ನು ಉಳಿಸಿಕೊಳ್ಳಲು ಬೆಂಗಳೂರಿಗೆ ಬಂದವನು, ಕೊನೆಗೆ ಅವನ ಶವವನ್ನು ಟ್ರಂಕಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೊರಡುತ್ತಾನೆ. ಮಾತಿನಲ್ಲಿ ಪೂರ್ತಿ ಆ ಕಡೆಯ ಸೊಗಡು. ಆದರೆ ವಿಜಯ್ ಆ ಕಡೆಯವರಲ್ಲ, ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ.

ನಾನೂ ಹವ್ಯಾಸಿ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ್ದೇನೆ. ಮೀಸೆ ಅಂಟಿಸಿಕೊಳ್ಳೋದು ಸುಲಭ. ನಡಿಗೆ ಬದಲಾಯಿಸೋದು ಕಷ್ಟ. ಅದಕ್ಕಿಂತ ಕಷ್ಟ ಭುಜ. ಮಾತು ಮರೆತಾಗಲೂ, ಗಾಬರಿಯಾದಾಗಲೂ ಭುಜ ನಮ್ಮದೇ ಹಳೇ ಅಭ್ಯಾಸಕ್ಕೆ ಬಂದುಬಿಡುತ್ತದೆ. ಹಾಗಾಗಿ ನಾನು ವಿಜಯ್ ಅವರ ಭುಜವನ್ನೇ ಜಾಸ್ತಿ ನೋಡಿದೆ. ‘ಹರಿವು’ವಿನ ಅಪ್ಪನ ಭುಜ ಟ್ರಂಕ್ ಕೆಳಗಿಟ್ಟ ಮೇಲೂ ಭಾರ ಹೊತ್ತಂತೆಯೇ ಇರುತ್ತದೆ. ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಅವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟ ಮಾದೇಶ. ಆ ಮಾದೇಶನ ಭುಜ ಯಾರಾದರೂ ಹೊಡೆದಾರು ಎಂಬಂತೆ ಮುದುಡಿಕೊಂಡಿರುತ್ತದೆ. ಅದೇ ಮಾದೇಶ ವಿದ್ಯಾ ಆದ ಮೇಲೆ, ನೋವು ಏನೂ ಕಡಿಮೆಯಾಗದಿದ್ದರೂ, ಆ ಭುಜ ಸಡಿಲಾಗುತ್ತದೆ. ಕೊನೆಗೂ ತನ್ನ ಮೈಯೊಳಗೆ ತಾನು ಕೂತಂತೆ.

ಆ ಚಿತ್ರದ ಮೇಕಪ್‌ಗೂ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು. ಆದರೆ ಭುಜಕ್ಕೆ ಮೇಕಪ್ ಹಚ್ಚಲಾಗುವುದಿಲ್ಲ. ಹಿಜಡಾ ಪಾತ್ರ ಅಂದರೆ ಚಪ್ಪಾಳೆ ತಟ್ಟಿಸಿ, ದಪ್ಪ ದನಿಯಲ್ಲಿ ಮಾತಾಡಿಸಿ ನಗಿಸೋದನ್ನೇ ನಮ್ಮ ಸಿನಿಮಾಗಳಲ್ಲಿ ಎಷ್ಟೋ ಸಲ ನೋಡಿದ್ದೇವೆ. ಅಂಥ ಹೊತ್ತಿನಲ್ಲಿ ಇವರು ಒಬ್ಬ ಹೆಣ್ಣುಮಗಳ ಬದುಕನ್ನು ತಂದು ನಮ್ಮೆದುರು ಕೂರಿಸಿದರು. 2015ರಲ್ಲಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಕನ್ನಡ ಚಿತ್ರಕ್ಕಾಗಿ ಅದನ್ನು ಪಡೆದವರಲ್ಲಿ ವಾಸುದೇವರಾಯರು, ಚಾರುಹಾಸನ್ ಆದಮೇಲೆ ಇವರೇ ಮೂರನೆಯವರು. ‘ಹರಿವು’ ಅದೇ ವರ್ಷ ಅತ್ಯುತ್ತಮ ಕನ್ನಡ ಚಿತ್ರವಾಯಿತು.

ಅಮ್ಮನಿಗೆ ಅವರ ಹೆಸರು ಮಾತ್ರ ನೆನಪಲ್ಲಿ ಉಳಿಯಲೇ ಇಲ್ಲ. 2021ರ ಜೂನ್‌ನಲ್ಲಿ ಬೈಕ್ ಅಪಘಾತದ ಸುದ್ದಿ ಬಂತು. ಅಂಗಾಂಗ ದಾನಕ್ಕೆ ಮನೆಯವರು ಒಪ್ಪಿದರು ಅಂತ ಟಿವಿಯಲ್ಲಿ ಹೇಳುತ್ತಿದ್ದರು. "ಸಂಚಾರಿ ವಿಜಯ್ ಹೋಗ್ಬಿಟ್ರಮ್ಮ" ಅಂದೆ. ಯಾರು ಅನ್ನುವಂತೆ ನನ್ನ ಮುಖ ನೋಡಿದಳು. "ಟ್ರಂಕಿನ ಅಪ್ಪ" ಅಂದೆ.

ಅಮ್ಮ ಸೋಫಾದ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಹಾಗಾದ್ರೆ ಆ ವಿದ್ಯಾನೂ?"