ಕಹಿ ಎಲೆಯ ಮೇಲಿನ ಪ್ರೀತಿ

ಮೊನ್ನೆಯಿಂದ ಕೈ ಮೇಲೆ ಬೆವರುಸಾಲೆ. ಬೇವಿನ ಎಲೆ ಕುದಿಸಿ, ಆರಿಸಿ, ಆ ನೀರಿನಲ್ಲಿ ತೊಳೆದುಕೊಂಡೆ. ತುರಿಕೆ ಸ್ವಲ್ಪ ಇಳಿದಿದೆ. ಮನಸ್ಸಿಗೂ ಹಾಯೆನಿಸಿತು.

ಈ ಎಲೆಯ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ ಜಾಸ್ತಿ. ನೆರಳಲ್ಲಿ ಒಣಗಿಸಿ ಬಟ್ಟೆಗಳ ನಡುವೆ ಇಟ್ಟರೆ ಹುಳದ ಕಾಟ ಕಡಿಮೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ರಾಸಾಯನಿಕ ಹುಳದ ಹಸಿವನ್ನೇ ಕೆಡಿಸುತ್ತದೆ, ಅದು ಪೊರೆ ಬಿಟ್ಟು ಬೆಳೆಯುವುದನ್ನೂ ತಡೆಯುತ್ತದೆ. ಎಲೆಗಿಂತ ಬೀಜದಲ್ಲಿ ಇದು ಹೆಚ್ಚು. 1942ರಲ್ಲಿ ರಸಾಯನ ವಿಜ್ಞಾನಿ ಸಲೀಮುಜ್ಜಮಾನ್ ಸಿದ್ದಿಕಿ ಬೇವಿನೆಣ್ಣೆಯಿಂದ ನಿಂಬಿನ್ ಎಂಬ ಕಹಿ ಅಂಶವನ್ನು ಬೇರ್ಪಡಿಸಿದ್ದರು.

ಹುಳದ ಮೈಯನ್ನೇ ಏರುಪೇರು ಮಾಡುವ ಮರ ನಮ್ಮ ಮೈಯೊಳಗೆ ಹೋಗಿ ಸುಮ್ನೆ ಇರುತ್ತದೆ ಅಂತ ಹೇಗೆ ನಂಬುವುದು? "ಎಲೆ ತಾನೇ, ಏನೂ ಆಗಲ್ಲ" ಎಂದು ಯಾರಾದರೂ ಹೇಳಿದಾಗೆಲ್ಲ ನನಗೆ ಭಯವಾಗುತ್ತದೆ. ಗರ್ಭಿಣಿಯರು, ಮಗುವಿಗಾಗಿ ಕಾಯುತ್ತಿರುವವರು ಬೇವನ್ನು ಔಷಧಿಯಂತೆ ಸೇವಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಜೊತೆಗೆ ದಿನಾ ಬೇವಿನ ರಸ ಕುಡಿದರೆ ಸಕ್ಕರೆ ತೀರಾ ಇಳಿದುಬಿಡಬಹುದು. ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಇನ್ನು ಪುಟ್ಟ ಮಕ್ಕಳಿಗೆ ಬೇವಿನೆಣ್ಣೆ ಕುಡಿಸಲೇಬೇಡಿ, ದಯವಿಟ್ಟು. ಫಿಟ್ಸ್ ಬಂದು ಜೀವಕ್ಕೇ ಅಪಾಯವಾದದ್ದಿದೆ.

ಹೊರಗಿನಿಂದ ಹಚ್ಚುವಾಗಲೂ ಅಷ್ಟೇ. ಅರೆದ ಎಲೆಯನ್ನು ಮೊದಲು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ, ಒಂದು ದಿನ ನೋಡಿ. ಉರಿ ಬಂದರೆ, ಕೆಂಪಾದರೆ ಬಿಟ್ಟುಬಿಡಿ.

ನಾನಂತೂ ಇನ್ನೆರಡು ದಿನ ನೋಡುತ್ತೇನೆ. ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗುತ್ತೇನೆ.