ಕಪ್ಪು ಸ್ಕ್ರೀನ್ ಹೋಯ್ತು: 1420ರಿಂದ 1360ಕ್ಕೆ ಇಳಿದ ಕಥೆ

ಬಂತು ಕಣ್ರೀ, ಮನೆ ಕಂಪ್ಯೂಟರಿನ ಡೆಸ್ಕ್‌ಟಾಪ್ ದೂರದ ಲ್ಯಾಪ್‌ಟಾಪ್ ಮೇಲೆ! ಅದೂ ಫೋನ್ ಹಾಟ್‌ಸ್ಪಾಟ್ ಮೇಲೆ, ಐಕಾನು ವಾಲ್‌ಪೇಪರ್ ಸಮೇತ.

ಸೆಟಪ್ ಹಳೇದೇ. ಮಾನಿಟರ್ ಇಲ್ಲದ ವಿಂಡೋಸ್ 11 ಪ್ರೊ ಡಬ್ಬ ಮನೇಲಿ, ಐಎಸ್‌ಪಿಯೋರು ಸಿಜಿನ್ಯಾಟ್ (ಹಲವು ಮನೆಗೆ ಒಂದೇ ಪಬ್ಲಿಕ್ ಐಪಿ ಹಂಚೋ ಏರ್ಪಾಡು) ಹಿಂದೆ ಕೂರಿಸಿದಾರೆ, ರೂಟರಿನ ಹೊರಬದಿಯ ವ್ಯಾನ್ ಐಪಿ 100.64 ಅಂತ ಶುರುವಾಗತ್ತೆ, ಹಾಗಾಗಿ ಹೊರಗಿಂದ ಬರೋಕೆ ರೂಟರಲ್ಲಿ ಬಾಗಿಲು ತೆಗೆಯೋ ಪೋರ್ಟ್ ಫಾರ್ವರ್ಡಿಂಗ್ ಕನಸಲ್ಲೂ ಇಲ್ಲ, ಮಧ್ಯೆ ಒಂದು ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್) ಇಟ್ಟು ಡಬ್ಬ, ವಿಪಿಎಸ್, ನನ್ನ ಲ್ಯಾಪ್‌ಟಾಪ್ ಮೂರಕ್ಕೂ ವೈರ್‌ಗಾರ್ಡ್ ಅನ್ನೋ ವಿಪಿಎನ್ ಟನಲ್ ಹಾಕಿದೀನಿ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ (ಆರ್‌ಡಿಪಿ) ಪೋರ್ಟ್ 3389ನ ನೇರ ಇಂಟರ್ನೆಟ್‌ಗೆ ತೆರೆದಿಡೋ ಧೈರ್ಯ ಇರೋರಿಗೆ ದೂರದಿಂದಲೇ ನಮಸ್ಕಾರ.

ರೋಗ ಏನಂದ್ರೆ, ಬೇರೆ ವೈಫೈಯಿಂದ ಆರ್‌ಡಿಪಿ ಬೆಣ್ಣೆ. ಹಾಟ್‌ಸ್ಪಾಟಿಂದ ಕನೆಕ್ಟ್ ಆಗತ್ತೆ, ಸರ್ಟಿಫಿಕೇಟ್ ವಾರ್ನಿಂಗ್ ಬರತ್ತೆ, ಪಾಸ್‌ವರ್ಡ್ ಒಪ್ಕೊಳತ್ತೆ, ಆಮೇಲೆ ಕಪ್ಪು. ಬರೀ ಕಪ್ಪು. ಸ್ವಲ್ಪ ಹೊತ್ತಿಗೆ ರೀಕನೆಕ್ಟಿಂಗ್ ಅನ್ನತ್ತೆ, ಮತ್ತೆ ಕಪ್ಪು.

ಹುಡುಕಿದ್ರೆ ಎಲ್ಲರದ್ದೂ ಒಂದೇ ಮಂತ್ರ, ಮಾನಿಟರ್ ಇಲ್ಲ ಅಲ್ವಾ, ಮಾನಿಟರ್ ಇದೆ ಅಂತ ನಂಬಿಸೋ ಎಚ್‌ಡಿಎಂಐ ಡಮ್ಮಿ ಪ್ಲಗ್ ಹಾಕಿ. ಆದ್ರೆ ಆರ್‌ಡಿಪಿ ತನ್ನದೇ ವರ್ಚುವಲ್ ಡಿಸ್‌ಪ್ಲೇ ಹುಟ್ಟಿಸ್ಕೊಳತ್ತೆ, ಡಮ್ಮಿ ಪ್ಲಗ್ ಬೇಕಾಗೋದು ಅಸಲಿ ಸ್ಕ್ರೀನನ್ನೇ ಕ್ಯಾಪ್ಚರ್ ಮಾಡೋ ವಿಎನ್‌ಸಿ, ರಸ್ಟ್‌ಡೆಸ್ಕ್ ಥರದ ಬೇರೆ ರಿಮೋಟ್ ಸಾಫ್ಟ್‌ವೇರ್‌ಗಳಿಗೆ. ಹೆಂಗೂ ವಿಎನ್‌ಸಿಗೆ ಬೇಕಿತ್ತು ಅಂತ ತರಿಸ್ದೆ. ಡಬ್ಬಿ ಮೇಲೆ 4ಕೆ 60 ಹರ್ಟ್ಜ್ ಅಂತ ಬಂಗಾರದ ಅಕ್ಷರ, ಒಳಗಿನ ಇಡಿಐಡಿ (ಯಾವ್ಯಾವ ರೆಸಲ್ಯೂಷನ್ ಆಗತ್ತೆ ಅಂತ ಹೇಳೋ ಪಟ್ಟಿ) ಓದಿ ನೋಡಿದ್ರೆ 1080ಪಿ ಮೇಲೆ ಒಂದೂ ಮೋಡ್ ಇಲ್ಲ. ಮಾರಿದೋನಿಗೆ ಬರೆದ್ರೆ 'ನಿಮ್ಮ ಕೇಬಲ್ ಚೇಂಜ್ ಮಾಡಿ ನೋಡಿ' ಅಂತ ಉತ್ತರ. ಅದು ಕೇಬಲ್ಲೇ ಇಲ್ಲದ ಪ್ಲಗ್ ಸ್ವಾಮಿ!

ಎರಡನೇ ಮಂತ್ರ, ಆರ್‌ಡಿಪಿ ಡೇಟಾ ಸಾಗಿಸೋ ಎರಡು ವಿಧಾನದಲ್ಲಿ (ಟಿಸಿಪಿ, ಯುಡಿಪಿ) ಯುಡಿಪಿ ಆಫ್ ಮಾಡಿ ಅನ್ನೋದು. ಗ್ರೂಪ್ ಪಾಲಿಸಿಯಲ್ಲಿ ಆರ್‌ಡಿಪಿನ ಟಿಸಿಪಿಗೆ ಮಾತ್ರ ಕಟ್ಟಿಹಾಕ್ದೆ. ಕಪ್ಪೇ. ವಿಎನ್‌ಸಿಲಿ ಹೋದ್ರೂ ಪಾಸ್‌ವರ್ಡ್ ಆದ್ಮೇಲೆ ಖಾಲಿ ಕಿಟಕಿ. ಪಿಂಗ್ ಮಾತ್ರ ಒಂದೂ ಬೀಳದೆ ನಗ್ತಾ ಇದೆ, ಅದೇ ಇನ್ನೂ ಉರಿ.

ಗಂಟು ಬಿಚ್ಚಿದ್ದು ಸ್ಕ್ರೀನ್‌ಗೆ ಸಂಬಂಧವೇ ಇಲ್ಲದ ಕಡೆ. ಏನೋ ಫೈಲ್ ಬೇಕಿತ್ತು ಅಂತ ಅದೇ ಟನಲ್ ಮೇಲೆ ಶೇರ್ಡ್ ಫೋಲ್ಡರ್ ತೆಗೆದೆ, ಒಳಗಿನ ಹೆಸರುಗಳೆಲ್ಲ ಬಂದ್ವು, ಕಾಪಿ ಒತ್ತಿದ್ರೆ ಸೊನ್ನೆ ಪರ್ಸೆಂಟ್‌ನಲ್ಲೇ ಕೂತುಬಿಡ್ತು. ಫೈಲ್ ಕಾಪಿಗೆ ಮಾನಿಟರ್ ಯಾಕ್ರೀ ಬೇಕು? ಗ್ರಾಫಿಕ್ಸ್ ಕಾರ್ಡು, ಡ್ರೈವರು, ಪ್ಲಗ್ಗು ಎಲ್ಲ ಆ ಕ್ಷಣಕ್ಕೆ ಖುಲಾಸೆ. ಚೊಂಬು ದಾಟೋ ಬಾಗಿಲಲ್ಲಿ ಹಂಡೆ ಸಿಕ್ಕಿಹಾಕ್ಕೊಂಡಿದೆ ಅಷ್ಟೇ. ವಿಂಡೋಸ್ ಪಿಂಗ್ ಸುಮ್ನೆ ಬಿಟ್ರೆ ಕಳಿಸೋದು 32 ಬೈಟು, ಆರ್‌ಡಿಪಿಯ ಸೆಲ್ಫ್ ಸೈನ್ಡ್ ಸರ್ಟಿಫಿಕೇಟೂ ಸಣ್ಣದು, ಒಂದೇ ಪ್ಯಾಕೆಟ್‌ನಲ್ಲಿ ನುಸುಳತ್ತೆ. ಚಿತ್ರ ಶುರುವಾದಾಗ್ಲೇ ಫುಲ್ ಸೈಜ್ ಪ್ಯಾಕೆಟ್ ಹೊರಡೋದು.

ಪಿಂಗ್‌ಗೆ ಮೈನಸ್ ಎಫ್ (ಪ್ಯಾಕೆಟ್ ತುಂಡು ಮಾಡ್ಬೇಡ ಅಂತ) ಹಾಕಿ, ಮೈನಸ್ ಎಲ್‌ನಲ್ಲಿ ಸೈಜ್ ಏರಿಸ್ತಾ ಇಳಿಸ್ತಾ ಕೂತೆ. ಟನಲ್ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಸೈಜ್) 1420 ಬೈಟು, ಹೆಡರ್‌ಗಳ 28 ಕಳೆದ್ರೆ 1392. 1393 ಕೊಟ್ರೆ ಲ್ಯಾಪ್‌ಟಾಪೇ ಫ್ರಾಗ್ಮೆಂಟ್ ಮಾಡ್ಬೇಕು ಅಂತ ಬೈಯತ್ತೆ, ಸರಿ. 1392 ಕೊಟ್ರೆ ಬೈಗುಳವೂ ಇಲ್ಲ ಉತ್ತರವೂ ಇಲ್ಲ, ಟೈಮ್‌ಔಟ್. ದೊಡ್ಡ ಪ್ಯಾಕೆಟ್‌ನ ದಾರೀಲಿ ಯಾರೋ ನುಂಗಿ, ನುಂಗಿದೀನಿ ಅಂತ ಐಸಿಎಂಪಿಲಿ (ನೆಟ್‌ವರ್ಕ್ ತನ್ನ ತೊಂದರೆ ತಿಳಿಸೋ ಸಂದೇಶ) ಹೇಳೋ ಸೌಜನ್ಯಾನೂ ತೋರಿಸ್ತಿಲ್ಲ. 1332ಕ್ಕೆ ಉತ್ತರ ಬಂತು, 1333ಕ್ಕೆ ಮತ್ತೆ ಮೌನ. 1332ಕ್ಕೆ 28 ಸೇರಿಸಿದ್ರೆ 1360. ವೈರ್‌ಗಾರ್ಡ್ ಪ್ಯಾಕೆಟ್ ಸೈಜನ್ನ 16ರ ಗುಣಕಕ್ಕೆ ಪ್ಯಾಡ್ ಮಾಡತ್ತೆ (ತುಂಬಿಸಿ ಹಿಗ್ಗಿಸತ್ತೆ), 1360 ಅಂದ್ರೆ 16 ಇಂಟು 85, ಅಂಚು ಕರೆಕ್ಟಾಗಿ ಅಲ್ಲೇ ಬಿದ್ದಿದ್ದು ನೋಡಿ ಒಬ್ಬನೇ ಚಪ್ಪಾಳೆ ಹೊಡ್ಕೊಂಡೆ. ಐಪಿವಿ4 ಮೇಲೆ ಅದು ಸುತ್ತೋ ಹೊದಿಕೆ (ಓವರ್‌ಹೆಡ್) 60, ಹೊರಗಡೆ 1420 ಆಯ್ತು. ಅಂದ್ರೆ ಮೊಬೈಲ್ ದಾರಿ 1420 ದಾಟಿಸತ್ತೆ, ಮುಂದಿನ ಮೆಟ್ಟಿಲಾದ 1436 (1376ಕ್ಕೆ 60 ಸೇರಿ) ದಾಟಿಸಲ್ಲ, ನಾನು ತಳ್ತಾ ಇದ್ದಿದ್ದು 1480 (1420ಕ್ಕೆ 60 ಸೇರಿ).

ವಿಂಡೋಸ್ ವೈರ್‌ಗಾರ್ಡ್ ಎಂಟಿಯು ತಾನೇ ಲೆಕ್ಕ ಹಾಕತ್ತಲ್ಲ ಅಂತೀರಾ? ಹಾಕತ್ತೆ, ಡೀಫಾಲ್ಟ್ ರೂಟ್ (ಇಂಟರ್ನೆಟ್‌ಗೆ ಹೋಗೋ ದಾರಿ) ಇರೋ ಇಂಟರ್‌ಫೇಸಿನ ಎಂಟಿಯುನಲ್ಲಿ 80 ಕಳೆದು. ಆದ್ರೆ ಹಾಟ್‌ಸ್ಪಾಟ್ ವೈಫೈ 1500 ಅಂತಾನೇ ಹೇಳತ್ತೆ, ದಾರಿ ಕಿರಿದಾಗೋದು ಫೋನಿನ ಆಚೆ, ಅದು ಲ್ಯಾಪ್‌ಟಾಪ್‌ಗೆ ಹೆಂಗೆ ಗೊತ್ತಾಗ್ಬೇಕು ಪಾಪ.

ಮದ್ದು ಒಂದೇ ಸಾಲು. ಲ್ಯಾಪ್‌ಟಾಪ್ ಕಾನ್ಫಿಗ್‌ನ ಇಂಟರ್‌ಫೇಸ್ ಭಾಗದಲ್ಲಿ ಎಂಟಿಯು 1360. ಇದೊಂದು ತುದೀಲಿ ಹಾಕಿದ್ರೂ ಟಿಸಿಪಿಗೆ ಸಾಕು, ಕನೆಕ್ಷನ್ ಶುರುವಲ್ಲೇ ನನ್ನ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತಗೊಳೋ ಡೇಟಾ ಮಿತಿ, 1360ರಲ್ಲಿ ಹೆಡರ್‌ಗಳ 40 ಕಳೆದು) 1320 ಅಂತ ಹೇಳ್ಬಿಡತ್ತೆ, ಆಚೆಯೋನು ಅದಕ್ಕಿಂತ ದೊಡ್ಡದು ಕಳಿಸಲ್ಲ. ಮನೆ ಡಬ್ಬದಲ್ಲೂ ಹಾಕಿದೀನಿ, ಯುಡಿಪಿನೂ ವಾಪಸ್ ಆನ್ ಮಾಡಿದೀನಿ, ಸ್ಕ್ರೋಲಿಂಗ್ ಈಗ ಜಾಸ್ತಿ ನುಣುಪು.

ಈ ಗಲಾಟೆ ಮಧ್ಯೆ ವಿಂಡೋಸ್ ಅಪ್‌ಡೇಟ್ ಆಗಿ ಡಬ್ಬ ರೀಸ್ಟಾರ್ಟ್ ಆದಾಗೆಲ್ಲ ಎದೆ ಡವಡವ, ವಿಂಡೋಸ್ ಶುರುವಾಗೋ ಮುಂಚಿನ ಬಯೋಸ್‌ನಲ್ಲಿ ನಿಂತ್ರೆ ಯಾವ ಆರ್‌ಡಿಪಿನೂ ಕಾಪಾಡಲ್ಲ. ಹಾಗಾಗಿ ಮುಂದಿನದು ಪೈಕೆವಿಎಂ, ಅಂದ್ರೆ ಡಬ್ಬದ ಸ್ಕ್ರೀನು ಕೀಬೋರ್ಡನ್ನ ರಾಸ್ಪ್‌ಬೆರಿ ಪೈ ಮೂಲಕ ದೂರದಿಂದ ಆಡಿಸೋದು. ರಾಸ್ಪ್‌ಬೆರಿ ಪೈ 4 ಡ್ರಾಯರ್‌ನಲ್ಲಿ ಬಿದ್ದಿದೆ, ಬೇಕಿರೋದು ಟಿಸಿ358743 ಚಿಪ್ಪಿನ ಎಚ್‌ಡಿಎಂಐ-ಸಿಎಸ್‌ಐ ಬೋರ್ಡ್ (ಎಚ್‌ಡಿಎಂಐ ಚಿತ್ರನ ಪೈಯ ಕ್ಯಾಮೆರಾ ಪೋರ್ಟ್‌ಗೆ ಕೊಡೋದು). ಎರಡು ಲೇನ್‌ನಲ್ಲಿ 1080ಪಿ 50 ಹರ್ಟ್ಜ್‌ವರೆಗೆ, ಬಯೋಸ್ ನೋಡೋಕೆ ಧಾರಾಳ ಆಯ್ತು. ವೇಕ್ ಆನ್ ಲ್ಯಾನ್ (ಮಲಗಿರೋ ಡಬ್ಬನ ನೆಟ್‌ವರ್ಕಿಂದ ಎಬ್ಬಿಸೋ) ಕೆಲಸಾನೂ ಅದೇ ಪೈಗೆ, ಯಾಕಂದ್ರೆ ಎಬ್ಬಿಸೋ ಮ್ಯಾಜಿಕ್ ಪ್ಯಾಕೆಟ್ ಬ್ರಾಡ್‌ಕಾಸ್ಟು (ಲ್ಯಾನಿನ ಎಲ್ಲರಿಗೂ ಕೂಗೋದು), ವೈರ್‌ಗಾರ್ಡ್ ಲೇಯರ್ 3, ಅಂದ್ರೆ ಐಪಿ ಪ್ಯಾಕೆಟ್ ಮಾತ್ರ ಸಾಗಿಸತ್ತೆ, ಇಲ್ಲಿಂದ ಕೂಗಿದ್ರೆ ಮನೆ ಲ್ಯಾನ್‌ಗೆ ಕೇಳಲ್ಲ, ಅಲ್ಲೇ ಎಚ್ಚರ ಇರೋನೊಬ್ಬ ಬೇಕು. ಬೋರ್ಡ್ ಮಾತ್ರ ಆ ಡಮ್ಮಿ ಪ್ಲಗ್ ಮಹಾಶಯನ ಹತ್ರ ತರಿಸಲ್ಲ.

ಬಾಕಿ ಉಳಿದಿರೋ ಕಾಟ ಕ್ಲಿಪ್‌ಬೋರ್ಡ್. ಆಗಾಗ ಕಾಪಿ ಪೇಸ್ಟ್ ಸತ್ತೋಗತ್ತೆ, ರಿಮೋಟ್ ಕಡೆ ಟಾಸ್ಕ್ ಮ್ಯಾನೇಜರ್ ತೆಗೆದು ಆರ್‌ಡಿಪಿಕ್ಲಿಪ್ ಅನ್ನೋ ಪ್ರೋಗ್ರಾಮನ್ನ ಕೊಂದು ಮತ್ತೆ ಓಡಿಸಿದ್ರೆ ಎದ್ದು ಕೂರತ್ತೆ. ಕೊಲ್ಲದೇ ಸರಿ ಮಾಡೋ ದಾರಿ ಯಾರಿಗಾದ್ರೂ ಸಿಕ್ಕಿದ್ರೆ ಹೇಳಿ.